ದೇವರಿಗೆ ಅಕ್ಕ ಕೊಟ್ಟ ಆರ್ಡರ್

ನನ್ನ ಅಕ್ಕನಿಗೆ ಬೀದಿಯವರೆಲ್ಲ ಇಟ್ಟ ಹೆಸರು ಟೇಪಕ್ಕ. ಕೊರಳಲ್ಲಿ ಅಳತೆಯ ಟೇಪು ಇಲ್ಲದ ಅವಳನ್ನು ಯಾರೂ ಕಂಡವರಿಲ್ಲ. ಭಾನುವಾರ ಚರ್ಚಿಗೆ ಹೊರಟಾಗ ಎಷ್ಟೋ ಸಲ ನಾನೇ ಅದನ್ನು ಎಳೆದು ತೆಗೆದಿದ್ದೇನೆ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ತಾಗಿಸಿಟ್ಟ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ನಿಲುವುಗನ್ನಡಿ. ಅಳತೆ ಕೊಡುವಾಗ ಯಾರಾದರೂ ಹೊಟ್ಟೆ ಒಳಗೆಳೆದುಕೊಂಡರೋ, ಮುಗಿಯಿತು. "ಉಸಿರು ಬಿಡ್ರೀ! ಅಂಗಿ ಹಾಕ್ಕೊಂಡು ದಿನವಿಡೀ ಹೀಗೇ ನಿಂತಿರ್ತೀರಾ?" ಎಂದು ಗದರುತ್ತಿದ್ದಳು. ಗಿರಾಕಿಗಳು ಬೈಸಿಕೊಂಡೇ ಮತ್ತೆ ಬರುತ್ತಿದ್ದರು. ಅವಳ ಕೆಲಸ ಅಷ್ಟು ಚೊಕ್ಕ.

ಭಾವ ಶಾಲಾ ಮಕ್ಕಳ ವ್ಯಾನು ಓಡಿಸುತ್ತಿದ್ದರು. ದಪ್ಪನೆಯ ಮನುಷ್ಯ, ಬಾಯಿ ತೆರೆದರೆ ತಮಾಷೆ. ಅವರಿಬ್ಬರಿಗೆ ಮಕ್ಕಳಾಗಲಿಲ್ಲ. ಯಾರಾದರೂ ಆ ವಿಷಯಕ್ಕೆ ಮೂಗು ತೂರಿಸಿದರೆ, "ವ್ಯಾನಿನ ತುಂಬ ಇದ್ದಾವಲ್ಲ, ಅವನ್ನ ಸುಮ್ಮನಿರಿಸಿದ್ರೆ ಸಾಕಾಗಿದೆ" ಎಂದು ನಗಿಸಿ ಕಳಿಸುತ್ತಿದ್ದರು. ಅಕ್ಕನ ಸಿಡುಕಿಗೆ ಈ ನಗು ಜೋಡಿಯಾಗಿ ಅವರ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಭಾವನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಗುವಷ್ಟರಲ್ಲಿ ಅದು ಎಲ್ಲ ಕಡೆ ಹರಡಿತ್ತು. ಇನ್ನು ನೋವು ಕಡಿಮೆ ಮಾಡಬಹುದು, ಅಷ್ಟೇ ಎಂದು ಡಾಕ್ಟರು ಕೈಚೆಲ್ಲಿದರು. ಅಕ್ಕ ಅಲ್ಲಿಂದ ಎದ್ದು ಬಂದಳು. ಆ ಬೆಳಿಗ್ಗೆ ಬೈಬಲ್ ತೆರೆದಾಗ ಗುಣವಾಗುವುದರ ಬಗ್ಗೆ ಒಂದು ವಚನ ಅವಳ ಕಣ್ಣಿಗೆ ಬಿದ್ದಿತ್ತಂತೆ. ಅದನ್ನೇ ದೇವರು ತನಗೆ ಕೊಟ್ಟ ವಾಗ್ದಾನವೆಂದು ಗಟ್ಟಿಯಾಗಿ ಹಿಡಿದುಕೊಂಡಳು. "ಡಾಕ್ಟರು ಹೇಳಿದ್ದು ಡಾಕ್ಟರ ಮಾತು. ನನ್ನ ಕರ್ತ ಬೇರೆ ಹೇಳಿದ್ದಾನೆ. ಇವರು ಎದ್ದು ವ್ಯಾನು ಓಡಿಸ್ತಾರೆ, ನೋಡ್ತಿರು" ಎಂದಳು. ಅಕ್ಕ ಹಠಕ್ಕೆ ಬಿದ್ದರೆ ಬ್ರಹ್ಮಾಂಡವೂ ಅಲ್ಲಾಡಿಸಲಾರದು.

ಅಂದಿನಿಂದ ಆ ಮನೆಯಲ್ಲಿ ಸಾವು ಎನ್ನುವ ಮಾತಿಗೆ ಬೀಗ ಬಿತ್ತು. ಆ ಮಾತೆತ್ತಿದರೆ ಅಪನಂಬಿಕೆ, ಅಪನಂಬಿಕೆ ಹೊಕ್ಕರೆ ವಾಸಿ ಆಗುವುದಿಲ್ಲ. ಇದು ಅವಳ ಲೆಕ್ಕಾಚಾರ. ಭಾವ ಯಾವಾಗಲಾದರೂ, "ನೋಡೇ, ಅಕಸ್ಮಾತ್ ನಾನು..." ಎಂದು ಶುರುಮಾಡಿದರೆ, "ರೀ, ಸುಮ್ನೆ ಮಲಗಿ" ಎಂದು ಹೊದಿಕೆ ಎಳೆಯುತ್ತಿದ್ದಳು. ಭಾವ ನನ್ನ ಮುಖ ನೋಡುತ್ತಿದ್ದರು. ಏನೋ ಹೇಳುವುದಿತ್ತು ಅವರಿಗೆ, ಅದನ್ನು ಅವಳಿಗೇ ಹೇಳಬೇಕಿತ್ತು.

ಇನ್ನು ಬಟ್ಟೆಯ ಕಥೆ. ಮನುಷ್ಯ ದಿನದಿನಕ್ಕೆ ಇಳಿದುಹೋಗುತ್ತಿದ್ದರು. ಬೀದಿಗೆಲ್ಲ ಅಳತೆ ತಪ್ಪದೆ ಹೊಲಿಯುವವಳು ಸ್ವಂತ ಗಂಡನ ಅಂಗಿಯನ್ನು ಒಂದು ಬೆರಳಿನಷ್ಟೂ ಚಿಕ್ಕದು ಮಾಡಲಿಲ್ಲ. ಚಿಕ್ಕದು ಮಾಡಿದರೆ ವಾಗ್ದಾನವನ್ನು ನಂಬಿಲ್ಲ ಎಂದಾಗುತ್ತದಂತೆ! ಭಾವ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಓಡಾಡುತ್ತಿದ್ದರು. "ಈ ಅಂಗಿಯೊಳಗೆ ಇನ್ನೊಬ್ಬರಿಗೆ ಜಾಗ ಇದೆ, ಬಾಡಿಗೆಗೆ ಬಿಡೋಣ್ವಾ?" ಎಂದು ನನಗೆ ಕಣ್ಣು ಹೊಡೆದರು. ನನಗೆ ನಗು ಬರಲಿಲ್ಲ.

ಒಂದು ಶುಕ್ರವಾರ ಸಂಜೆ ಅವರ ಮನೆಯಲ್ಲಿ ಪ್ರಾರ್ಥನಾ ಕೂಟ. ಆ ದಿನ ಪಾಸ್ಟರ್ ಕಣ್ಣು ಮುಚ್ಚಿ, "ಕರ್ತನೇ, ನಿನ್ನ ಚಿತ್ತವಾದರೆ ಈ ಸಹೋದರನನ್ನು..." ಎಂದರು. ಅಕ್ಕ ನಡುವೆಯೇ ಬಾಯಿ ಹಾಕಿದಳು. "ಪಾಸ್ಟರ್, ಆ 'ಚಿತ್ತವಾದರೆ' ಬೇಡ. ವಾಸಿ ಮಾಡು ಅಂತಷ್ಟೇ ಹೇಳಿ." ಪಾಪ, ಪಾಸ್ಟರ್ ಅವಳು ಹೇಳಿದ ಹಾಗೆಯೇ ಮುಗಿಸಿದರು. ಅವರನ್ನು ಬೀಳ್ಕೊಡಲು ಭಾವ ಎದ್ದು ನಿಂತು, ಅಭ್ಯಾಸಬಲದಿಂದ ಎರಡೂ ಕೈ ಜೋಡಿಸಿದರು.

ಪ್ಯಾಂಟು ಜಾರಿ ಕಾಲಬುಡಕ್ಕೆ ಬಿತ್ತು. ಅಷ್ಟು ಜನರ ಮುಂದೆ, ಕಡ್ಡಿಯಂಥ ಕಾಲುಗಳು. ಭಾವ ಮೊದಲು ನಕ್ಕರು. ಆಮೇಲೆ ಬಗ್ಗಿ ಎತ್ತಿಕೊಳ್ಳಲು ಹೋದರು, ಬಗ್ಗಲಾಗಲಿಲ್ಲ. ಅಲ್ಲೇ ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟರು. ಅಕ್ಕನ ಮದುವೆಯಾದಾಗಿನಿಂದ ಆ ಮನುಷ್ಯ ಅತ್ತದ್ದನ್ನು ನಾನು ನೋಡಿರಲಿಲ್ಲ.

ಜನ ತಲೆತಗ್ಗಿಸಿ ಹೊರಟುಹೋದ ಮೇಲೆ ನನ್ನ ಪಿತ್ತ ನೆತ್ತಿಗೇರಿತು. "ನಂಬಿಕೆಯಂತೆ, ನಂಬಿಕೆ! ನೀನು ಇವರನ್ನ ದೇವರಿಗೆ ಒಪ್ಪಿಸಿಲ್ಲ ಅಕ್ಕ. ದೇವರಿಗೆ ಆರ್ಡರ್ ಕೊಟ್ಟು ಕೂತಿದ್ದೀಯ. ಇಂಥ ಅಳತೆ, ಇಂಥ ಬಟ್ಟೆ, ಇಂಥ ದಿನಕ್ಕೆ ಬೇಕು ಅಂತ. ನಿನ್ನ ಗಿರಾಕಿಗಳೂ ಇಷ್ಟು ಜೋರು ಮಾಡಲ್ಲ!"

ಕೆನ್ನೆಗೆ ಬಾರಿಸುತ್ತಾಳೆ ಅಂದುಕೊಂಡೆ. ಅವಳು ನನ್ನತ್ತ ತಿರುಗಿಯೂ ನೋಡಲಿಲ್ಲ. ಕೊರಳಿನ ಟೇಪು ತೆಗೆದು ಭಾವನ ಮುಂದೆ ಮಂಡಿಯೂರಿ, "ಕೈ ಸ್ವಲ್ಪ ಎತ್ರೀ" ಎಂದಳು. ಸೊಂಟದ ಸುತ್ತ ಟೇಪು ತಂದು ಎರಡು ತುದಿ ಕೂಡಿಸಿದಳು. ಅಂಕಿ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಅವಳ ಕೈ ಎಂದೂ ಅಳತೆ ತಪ್ಪಿದ್ದಿಲ್ಲ. ಆ ಟೇಪು ಹೇಳಿದ್ದನ್ನು ಇಲ್ಲವೆನ್ನಲು ಅವಳಿಗೆ ಆಗಲಿಲ್ಲ. ಭಾವನ ಮಡಿಲಿಗೆ ಹಣೆ ಒತ್ತಿ, "ಅಯ್ಯೋ, ಹೋಗ್ತಿದ್ದೀರಲ್ರೀ" ಎಂದಳು.

"ಹ್ಞೂಂ ಕಣೇ" ಎಂದರು ಭಾವ. ಅವಳ ತಲೆಯ ಮೇಲೆ ಕೈಯಿಟ್ಟು, "ನಂಗೆ ತುಂಬ ಭಯ ಆಗ್ತಿದೆ. ಈ ಮನೇಲಿ ಅದನ್ನ ಹೇಳೋಕೆ ಜಾಗಾನೇ ಇರ್ಲಿಲ್ಲ" ಎಂದರು.

ಇಷ್ಟೇ ಅವರು ಹೇಳಬೇಕೆಂದಿದ್ದ ಮಾತು. ಆಸ್ತಿಯ ಗುಟ್ಟಲ್ಲ, ಯಾರ ಮೇಲಿನ ದೂರೂ ಅಲ್ಲ. ಭಯವಾಗುತ್ತಿದೆ ಎಂದು ಹೆಂಡತಿಗೆ ಹೇಳಬೇಕಿತ್ತು. ಅದನ್ನು ಕೇಳಿ ಅಕ್ಕ ಎದೆ ಒಡೆದುಹೋಗುವ ಹಾಗೆ ಅತ್ತಳು. "ಇಷ್ಟು ದಿನ ಒಬ್ಬರೇ ಹೆದರ್ಕೊಂಡು ಮಲಗಿದ್ರಲ್ರೀ. ನಾನು ಪಕ್ಕದಲ್ಲೇ ಗೊರಕೆ ಹೊಡೀತಿದ್ದೆ" ಎಂದು ಹಲುಬಿದಳು.

ಮರುದಿನ ಗಿರಾಕಿಗಳ ಬಟ್ಟೆ ಪಕ್ಕಕ್ಕೆ ತಳ್ಳಿ ಭಾವನ ಅಂಗಿ ಪ್ಯಾಂಟುಗಳ ಹೊಲಿಗೆ ಬಿಚ್ಚಿ ಹೊಸ ಅಳತೆಗೆ ಹೊಲಿದಳು. ಅಂಗಿ ಹಾಕಿಕೊಂಡ ಭಾವ ಕನ್ನಡಿಯ ಮುಂದೆ, "ಪರವಾಗಿಲ್ಲ, ಮದುಮಗನ ಹಾಗಿದ್ದೀನಿ" ಎಂದರು. ಆಮೇಲೆ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು. ನನಗೆ ಬಾಗಿಲ ಹೊರಗೇ ಜಾಗ. ಆದರೆ ಮಾತಿಗೆ ಸಿಕ್ಕ ದಿನ ಕಡಿಮೆ. ಆ ಅಂಗಿಗಳನ್ನೆಲ್ಲ ತೊಡುವಷ್ಟು ದಿನವೂ ಅವರಿಗೆ ಸಿಗಲಿಲ್ಲ.

ಕೊನೆಯ ಮಧ್ಯಾಹ್ನ ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಭಾವ ಅಕ್ಕನ ಕೈ ಹಿಡಿದು, "ಪ್ರಾರ್ಥನೆ ಮಾಡೇ. ಪಾಸ್ಟರ್ ಬೇಡ, ನೀನೇ ಮಾಡು" ಎಂದರು. ಅಕ್ಕ ಅವರ ಅಂಗಿಯ ಕಾಲರು ಸರಿಮಾಡಿದಳು. ಆಮೇಲೆ ಎದುರಿಗೆ ಯಾರೋ ನಿಂತಿದ್ದಾರೆ ಎನ್ನುವ ಹಾಗೆ, ಸಿಡುಕಿನ ದನಿಯಲ್ಲೇ ಹೇಳಿದಳು:

"ಕರ್ತನೇ, ಇವರನ್ನ ನಿನ್ನ ಕೈಗೆ ಕೊಡ್ತಿದ್ದೀನಿ. ಕೊಡೋಕೆ ನಂಗೆ ಮನಸ್ಸಿಲ್ಲ. ಅದೂ ನಿಂಗೆ ಗೊತ್ತಿರ್ಲಿ. ಆದ್ರೂ ಕೊಡ್ತಿದ್ದೀನಿ. ಇವರು ಹೆದರ್ತಾರೆ, ಕೈ ಬಿಡ್ಬೇಡ."

ಭಾವ "ಆಮೆನ್" ಎಂದರು. ನಾನೂ ಎಂದೆ. ಅಕ್ಕನಿಗೆ ಎನ್ನಲಾಗಲಿಲ್ಲ.