ಗುಳಿಗೆ ಔಷಧ, ಬೆಲ್ಲ ಊಟ

ಆ ದಿನ ನಾವಿಬ್ಬರೂ ದೊಡವಾಡದಿಂದ ಬೆಳಗಿನ ಬಸ್ಸಿಗೆ ಬೈಲಹೊಂಗಲಕ್ಕೆ ಹೋದೆವು. ನಮ್ಮ ಮನೆಯವರ ಲಾರಿ ಲೈಸೆನ್ಸಿನ ಅವಧಿ ಮುಗಿಯುತ್ತ ಬಂದಿತ್ತು. ಅದನ್ನು ಮುಂದುವರಿಸಬೇಕಾದರೆ ಡಾಕ್ಟರೊಬ್ಬರು ಮೈ ಪರೀಕ್ಷೆ ಮಾಡಿ, ಗಾಡಿ ಓಡಿಸಲು ಅಡ್ಡಿಯಿಲ್ಲವೆಂದು ಸರ್ಟಿಫಿಕೇಟ್ ಕೊಡಬೇಕು. ನನಗೆ ಅಲ್ಲೇನೂ ಕೆಲಸವಿರಲಿಲ್ಲ. ರೊಟ್ಟಿ ಬೇಯಿಸುವ ಹಂಚು ಸೀಳಿತ್ತು, ಪೇಟೆಯಲ್ಲಿ ಹೊಸದು ನೋಡೋಣವೆಂದು ಜೊತೆಗೆ ಹೋದೆ.

ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಡ್ರೈವರುಗಳು ಕುಳಿತಿದ್ದರು. ಇವರನ್ನು ನೋಡಿದ ಕೂಡಲೇ ಒಬ್ಬ ಎದ್ದು ಜಾಗ ಕೊಟ್ಟ. ನಮ್ಮದು ಅಯ್ಯನವರ ಮನೆತನ. ಮಾವನವರು ಊರ ಮನೆಗಳಲ್ಲಿ ಪೂಜೆ, ಲಗ್ನ ಮಾಡಿಸುತ್ತಿದ್ದರು. ಅವರ ಮಗನಾದ ಇವರು ಸೈನ್ಯ ಸೇರಿ ಅಲ್ಲಿಯೂ ಗಾಡಿ ಓಡಿಸಿದರು. ಪಿಂಚಣಿ ಬಂದ ಮೇಲೆ ಬೈಲಹೊಂಗಲದ ಮಾಲಕರೊಬ್ಬರ ಲಾರಿ ಹಿಡಿದರು. ಆದರೂ ಡ್ರೈವರುಗಳಿಗೆ ಇವರು ಸ್ವಾಮ್ಯಾರೇ. ಯಾರ ಗಾಡಿಗೆ ಹೊಸ ಟೈರು ಹಾಕಿದರೂ ಇವರ ಕೈಯಿಂದಲೇ ಕಾಯಿ ಒಡೆಸುತ್ತಿದ್ದರು.

“ಸ್ವಾಮ್ಯಾರ, ನಮ್ಮ ಕಣ್ಣಿಗೂ ಒಂಚೂರು ವಿಭೂತಿ ಹಚ್ರಿ, ಪಾಸಾಗಲಿ,” ಅಂದ ಜಾಗ ಕೊಟ್ಟವನು.

“ನಿನ್ನ ಕಣ್ಣಿಗೆ ನನ್ನ ವಿಭೂತಿ ಸಾಲಂಗಿಲ್ಲೋ ತಮ್ಮಾ. ಸಂಜಿ ಮುಂದ ಕುಡಿಯೂದ ಬಿಡು, ತಾವ ನೆಟ್ಟಗ ಆಗತಾವು.”

“ಅದನ್ನ ಬಿಟ್ರ ಕಣ್ಣ ಕಂಡ ಏನ ನೋಡೂದ್ರಿ?”

ಬೆಂಚಿಗೆ ಬೆಂಚೇ ನಕ್ಕಿತು. ನಾನೂ ಸೆರಗು ಅಡ್ಡ ಹಿಡಿದು ನಕ್ಕೆ.

ಇವರನ್ನು ಒಳಗೆ ಕರೆದರು. ಪರದೆಯ ಹಿಂದೆ ಡಾಕ್ಟರು ಇವರೊಂದಿಗೆ ಮಾತಾಡುವುದು ನನಗೆ ಕೇಳಿಸುತ್ತಿತ್ತು. “ಉಸರ ಬಿಡ್ರಿ. ಹೊಟ್ಟಿ ಯಾಕ ಒಳಗ ಎಳಕೊಂಡೀರಿ? ಇದೇನು ಪರೇಡ್ ಅಲ್ಲ.” ಗೋಡೆಯ ಮೇಲಿನ ಅಕ್ಷರಗಳನ್ನು ಇವರು ಗಟ್ಟಿ ದನಿಯಲ್ಲಿ ಓದಿದರು. ಬಣ್ಣ ಹೇಳಿದರು. ಆಮೇಲೆ ಡಾಕ್ಟರು ಕೇಳಿದರು: “ಸಕ್ಕರಿ, ಬಿಪಿ, ತಲಿ ಸುತ್ತೂದು, ಏನರ ಐತೇನ್ರಿ?”

“ಏನೂ ಇಲ್ಲರಿ ಸಾಹೇಬ್ರ. ಫಿಟ್.”

ಇವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾಗಿದ್ದವು. ಅದಕ್ಕೆ ಬೆಳಗಾವಿಯ ಮಾಜಿ ಸೈನಿಕರ ದವಾಖಾನೆಯಲ್ಲಿ ಔಷಧ ಕೊಡುತ್ತಿದ್ದರು. ಅಲ್ಲಿಗೆ ಹೋದರೆ ಇವರು ಒಂದನ್ನೂ ಮುಚ್ಚಿಡುತ್ತಿರಲಿಲ್ಲ. ಕಾಲು ಜುಮುಗುಟ್ಟುವುದು, ಬಾಯಿ ಒಣಗುವುದು, ಎಲ್ಲ ಹೇಳುತ್ತಿದ್ದರು. ಲೈಸೆನ್ಸಿನ ಡಾಕ್ಟರ ಮುಂದೆ ಮಾತ್ರ ಫಿಟ್. ಹಿಂದಿನ ಸಲ ಬೆಳಗಾವಿಗೆ ಹೋದಾಗ ಅಲ್ಲಿಯ ಡಾಕ್ಟರು, ಇನ್ನು ಗುಳಿಗೆ ಸಾಲುವುದಿಲ್ಲ, ಇನ್ಸುಲಿನ್ ಸೂಜಿ ಚಾಲೂ ಮಾಡೋಣ ಅಂದಿದ್ದರು. ಇವರು ಮುಂದಿನ ಸಲ ನೋಡೋಣವೆಂದು ಹೇಳಿ ಹೊರಗೆ ಬಂದರು. ಬಸ್ಸು ಕಿತ್ತೂರು ದಾಟಿದ ಮೇಲೆ ನನ್ನ ಕಡೆ ತಿರುಗಿದರು.

“ಸೂಜಿ ಚಾಲೂ ಆತಂದ್ರ ಲೈಸೆನ್ಸ ಹೋತಂತ ತಿಳಿ,” ಅಂದರು.

ಅಂಥ ನಿಯಮ ಇದೆಯೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಅವರೂ ಯಾರನ್ನೂ ಕೇಳಲಿಲ್ಲ. ಸೈನ್ಯದಲ್ಲಿ ಮೈಗೆ ಸರಿಯಿಲ್ಲವೆಂದು ಬರೆಸಿಕೊಂಡವರನ್ನು ಗಾಡಿಯಿಂದ ಇಳಿಸಿ ಗೋದಾಮಿನಲ್ಲಿ ಕಂಬಳಿ ಎಣಿಸಲು ಕೂಡಿಸುತ್ತಿದ್ದರಂತೆ. ಅದು ಇವರ ತಲೆಯಲ್ಲಿ ಕುಳಿತಿತ್ತು. ಸೈನ್ಯ ಬಿಟ್ಟು ಬಂದ ಹೊಸದರಲ್ಲಿ, ಲಾರಿ ಸಿಗುವ ಮೊದಲು, ಒಂದು ಮಳೆಗಾಲ ಇವರು ಮನೆಯಲ್ಲೇ ಕುಳಿತಿದ್ದರು. ದಿನಾ ಬೆಳಿಗ್ಗೆ ಸೈಕಲ್ಲಿನ ಚೈನು ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಜೋಡಿಸುತ್ತಿದ್ದರು. ಆ ಸೈಕಲ್ಲನ್ನು ಯಾರೂ ಹತ್ತುತ್ತಿರಲಿಲ್ಲ. ನಮಗೆ ಮಕ್ಕಳಿಲ್ಲ. ಆ ಮಳೆಗಾಲ ನೋಡಿದ ಮೇಲೆ ನಾನು ಲೈಸೆನ್ಸಿನ ವಿಷಯದಲ್ಲಿ ಇವರಿಗೆ ಎದುರಾಡಲಿಲ್ಲ.

ಸೂಜಿ ತಪ್ಪಿಸಬೇಕೆಂದು ಇವರು ಗುಳಿಗೆಯನ್ನು ಬಹಳ ಕಟ್ಟುನಿಟ್ಟಾಗಿ ತೆಗೆದುಕೊಳ್ಳತೊಡಗಿದರು. ಬೆಳಿಗ್ಗೆ ಎಂಟು ಅಂದರೆ ಎಂಟು. ಮನೆಯಲ್ಲಿರಲಿ, ಗಾಡಿಯಲ್ಲಿರಲಿ, ಕೈಗಡಿಯಾರ ನೋಡಿ ಬಾಯಿಗೆ ಹಾಕುವುದೇ. ಆದರೆ ಊಟಕ್ಕೆ ಗಡಿಯಾರವಿರಲಿಲ್ಲ. ಸ್ನಾನವಾಗಿ, ಲಿಂಗಪೂಜೆಯಾಗಿ, ಲಿಂಗಕ್ಕೆ ತೋರಿಸಿದ ಮೇಲೆಯೇ ತುತ್ತು. ಸೈನ್ಯದಲ್ಲಿಯೂ ಇದನ್ನು ಬಿಟ್ಟವರಲ್ಲ, ಎಲ್ಲರಿಗಿಂತ ಮೊದಲು ಎದ್ದು ಮುಗಿಸುತ್ತಿದ್ದರು. ಮನೆಯಲ್ಲಿದ್ದಾಗ ತೊಂದರೆಯಿರಲಿಲ್ಲ, ಎಂಟು ಹೊಡೆಯುವುದರೊಳಗೆ ಪೂಜೆ ಮುಗಿದಿರುತ್ತಿತ್ತು. ಸಿಮೆಂಟು ಹೇರುವ ದಿನ ಮಾತ್ರ ಸ್ನಾನ ಮುಂದೆ ಹೋಗುತ್ತಿತ್ತು. ಮೈತುಂಬ ಧೂಳು ಹೊತ್ತು ಲಿಂಗ ಮುಟ್ಟುವುದು ಇವರಿಗೆ ಒಗ್ಗುತ್ತಿರಲಿಲ್ಲ. ಹೇರಿಕೊಂಡು ಹೊರಟು, ಸವದತ್ತಿ ದಾಟಿದ ಮೇಲೆ ಮಲಪ್ರಭೆಯ ಕಾಲುವೆಯಲ್ಲಿ ಸ್ನಾನ ಮಾಡಿ, ಅಲ್ಲೇ ಪೂಜೆ ಮುಗಿಸಿ, ನಾನು ಕಟ್ಟಿಕೊಟ್ಟ ರೊಟ್ಟಿ ಉಣ್ಣುತ್ತಿದ್ದರು.

ಬೆಳಗಾವಿಯ ನರ್ಸ್ ನನ್ನೆದುರಿಗೇ ಹೇಳಿದ್ದರು: “ಈ ಗುಳಗಿ ತಗೊಂಡ ಅರ್ಧಾ ತಾಸಿನ್ಯಾಗ ಉಣ್ಣಬೇಕರಿ. ಕಿಸೆದಾಗ ಬೆಲ್ಲ ಇಟ್ಕೋರಿ. ಕೈ ನಡುಗಿದ್ರ, ಬೆವತ್ರ, ಮೊದಲ ಬೆಲ್ಲ ಬಾಯಾಗ ಹಾಕ್ಕೋರಿ.”

ಇವರು “ಯಸ್” ಅಂದು ಬಂದರು. ಅಂದಿನಿಂದ ನಾನು ದಿನಾ ಒಂದು ಹೆಂಟೆ ಬೆಲ್ಲವನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕುತ್ತಿದ್ದೆ. ಒಂದು ಸಲ ಕೇಳಿದೆ, “ಪೂಜಿ ಆಗಿಲ್ಲ, ಕೈ ನಡಗಾಕ ಹತ್ತಿತು ಅಂದ್ರ ತಿಂತೀರೋ ಇಲ್ಲೋ?”

“ಪೂಜಿ ಆಗೂತನಾ ತಡೀತೇನಿ.”

“ಮತ್ತ ಗುಳಗಿ ಹೆಂಗ ನುಂಗತೀರಿ?”

“ಗುಳಗಿ ಔಷಧ. ಅದಕ್ಕ ಅಡ್ಡಿ ಇಲ್ಲ. ಬೆಲ್ಲ ಅಂದ್ರ ಊಟನ ಆತಲ್ಲ.”

“ಅದನ್ನೂ ದವಾಖಾನಿಯವರ ಹೇಳ್ಯಾರರಿ.”

“ದವಾಖಾನಿಯವ್ರು ಹೇಳ್ಯಾರಂತ ಬೆಲ್ಲ ಗುಳಗಿ ಆಕ್ಕೈತೇನ? ಬೆಲ್ಲ ಮಾಡೂ ಗಾಣದವ ಡಾಕ್ಟರ್ ಆಗತಾನ ಹಂಗಾದ್ರ.”

ಹೀಗೆ ನಗಿಸಿ ಮಾತು ಮುಗಿಸುತ್ತಿದ್ದರು.

ಬೈಲಹೊಂಗಲದಲ್ಲಿ ಆ ದಿನ ಸರ್ಟಿಫಿಕೇಟ್ ಸಿಕ್ಕಿತು. ಇವರಿಗೆ ಹುಡುಗರಂತೆ ಖುಷಿ. ಹಂಚಿನ ಅಂಗಡಿಯಲ್ಲಿ ಪ್ರತಿ ಹಂಚನ್ನೂ ಬೆರಳಿನಿಂದ ಬಡಿದು ಸಪ್ಪಳ ಕೇಳಿದರು. ಟೈರು ಬಡಿದು ನೋಡುವವರ ಕೈ ಅದು. ಅಂಗಡಿಯವ, “ಇದಕ್ಕ ಗಾಳಿ ಹೊಡಿಯೂದ ಬ್ಯಾಡರಿ ಯಜಮಾನ್ರ,” ಅಂದ. ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಪಲ್ಯ ಉಂಡೆವು. ತಿರುಗಿ ಬರುವಾಗ ಬಸ್ಸಿನಲ್ಲಿ ಹಂಚನ್ನು ತೊಡೆಯ ಮೇಲೆ ಇಟ್ಟುಕೊಂಡು, “ಇನ್ನ ಐದ ವರ್ಷ ನನ್ನ ಯಾರೂ ಕೇಳಂಗಿಲ್ಲ,” ಅಂದರು. ಸಂಜೆ ಹೊಸ ಹಂಚಿಗೆ ಮೊದಲ ರೊಟ್ಟಿ ಅಂಟಿಕೊಂಡಿತು. ಎರಡನೆಯದು ಉಬ್ಬಿತು.

ಮರುದಿನ ಕತ್ತಲಿರುವಾಗಲೇ ಕಿತ್ತೂರಿಗೆ ಹೋದರು. ಸಿಮೆಂಟು ಹೇರಿಕೊಂಡು ರಾಮದುರ್ಗಕ್ಕೆ ಒಯ್ಯುವುದಿತ್ತು. ರೊಟ್ಟಿಯ ಗಂಟು, ಧೋತರ, ವಿಭೂತಿ, ತಾಮ್ರದ ತಂಬಿಗೆ, ಎಲ್ಲ ಚೀಲಕ್ಕೆ ಹಾಕಿದೆ. ಬೆಲ್ಲವನ್ನು ಕಿಸೆಗೆ ಹಾಕಿದೆ. “ಹೋಗಿ ಬರತೇನಿ” ಅಂದರು. ಅದಕ್ಕಿಂತ ಹೆಚ್ಚಿನ ಮಾತೇನೂ ಆಗಲಿಲ್ಲ.

ಬಿಸಿಲು ಏರಿದಾಗ ಫೋನು ಬಂತು. ಬೆಂಚಿನ ಮೇಲೆ ಜಾಗ ಕೊಟ್ಟಿದ್ದ ಅದೇ ಡ್ರೈವರು. “ಅಮ್ಮಾರ, ಸವದತ್ತಿ ದವಾಖಾನಿಗೆ ಬರ್ರಿ. ಸ್ವಾಮ್ಯಾರು ಕಾಲುವಿ ಪಾವಟಿಗಿ ಮ್ಯಾಲ ಬಿದ್ದಿದ್ರು.” ನಾನು ಹೋಗುವುದರೊಳಗೆ ಜೀವ ಹೋಗಿತ್ತು. ಮೈಯಲ್ಲಿಯ ಸಕ್ಕರೆ ಪೂರ್ತಿ ಇಳಿದಿತ್ತು, ಬಿದ್ದಾಗ ಮೆಟ್ಟಿಲಿನ ಕಲ್ಲು ತಲೆಗೆ ಬಡಿದಿತ್ತು ಎಂದು ಅಲ್ಲಿಯ ಡಾಕ್ಟರು ನನಗೆ ನಿಧಾನವಾಗಿ, ಎರಡು ಸಲ ಹೇಳಿದರು.

ಉಳಿದದ್ದನ್ನು ಆ ಡ್ರೈವರು ಹೇಳಿದ. ಕಿತ್ತೂರಿನಲ್ಲಿ ಹೇರುವುದು ತಡವಾಯಿತಂತೆ. ಇವರು ಎಂಟಕ್ಕೆ ಚಹಾದ ಅಂಗಡಿಯಲ್ಲಿ ಬರೀ ನೀರು ಕೇಳಿ ಗುಳಿಗೆ ನುಂಗಿದರಂತೆ. ಚಹಾ ಕೊಟ್ಟರೆ ಒಲ್ಲೆ ಅಂದರಂತೆ. ಇವನು ಅದೇ ದಾರಿಯಲ್ಲಿ ಹಿಂದಿನಿಂದ ಖಾಲಿ ಗಾಡಿ ತಂದಿದ್ದ. “ಗಾಡಿ ಚಂದಂಗ ಬಾಜೂಕ ನಿಂತಿತ್ತರಿ. ಗಾಲಿಗೆ ಕಲ್ಲ ಇಟ್ಟಿದ್ರು. ಆದ್ರ ಗಾಡಿ ಮ್ಯಾಲ ಧೋತರ ಒಣಗಾಕ ಹಾಕಿದ್ದಿಲ್ಲ. ಜಳಕ ಇನ್ನೂ ಆಗಿಲ್ಲೇನಪಾ ಅಂತ ಇಳಿದ ನೋಡಿದ್ನಿರಿ.”

ಗಾಡಿ ನಿಲ್ಲಿಸಿ ಕಲ್ಲು ಇಡುವಷ್ಟು ಎಚ್ಚರ ಇತ್ತು. ಕೈ ನಡುಗಿರಬೇಕು, ಬೆವತಿರಬೇಕು. ಬೆಲ್ಲ ಕಿಸೆಯಲ್ಲೇ ಇತ್ತು. ಕಾಗದ ಬಿಚ್ಚಿರಲಿಲ್ಲ.

ಈಗ ಬೆಳಗಾವಿಯ ದವಾಖಾನೆಗೆ ನಾನೊಬ್ಬಳೇ ಹೋಗುತ್ತೇನೆ. ನನ್ನ ಬಿಪಿಯ ಗುಳಿಗೆ ಅಲ್ಲೇ ಕೊಡುತ್ತಾರೆ. ವಯಸ್ಸಾದ ಸೈನಿಕರು ಈಗಲೂ ಸಾಲಿನಲ್ಲಿ ನೆಟ್ಟಗೆ ನಿಂತು ಒಬ್ಬರನ್ನೊಬ್ಬರು ಛೇಡಿಸುತ್ತಾರೆ. ಮೊದಲ ಸಲ ಹೋದಾಗ ನರ್ಸ್ ನನ್ನ ಹಿಂದೆ ಬಾಗಿಲ ಕಡೆ ನೋಡಿ, “ಹವಾಲ್ದಾರ್ರು ಎಲ್ಲೆರಿ?” ಅಂದರು. ಹೇಳಿದೆ. ಅವರು ನನ್ನ ತೋಳಿಗೆ ಪಟ್ಟಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

ಹೋದ ತಿಂಗಳು ಅದೇ ನರ್ಸ್ ಒಬ್ಬ ಹಿರಿಯರಿಗೆ ಅದೇ ಗುಳಿಗೆ ಕೊಟ್ಟು ಅದೇ ಮಾತು ಹೇಳುತ್ತಿದ್ದರು. ನನಗೆ ಸುಮ್ಮನಿರಲು ಆಗಲಿಲ್ಲ. “ಅಣ್ಣಾರ, ಬೆಲ್ಲನೂ ಔಷಧನ ಅಂತ ತಿಳೀರಿ,” ಅಂದೆ.

ಅವರು ನನ್ನನ್ನು ನೋಡಿ ನಕ್ಕರು. “ಅಯ್ಯ ತಂಗಿ, ನನಗ ಯಾರೂ ಹೇಳೂದ ಬ್ಯಾಡವಾ. ಇಕಿ ಬ್ಯಾಡ ಅಂದ್ರೂ ತಿಂತೇನಿ ನಾ.” ಪಕ್ಕದಲ್ಲಿದ್ದ ಅವರ ಹೆಂಡತಿ, “ಕದ್ದ ತಿಂತಾರರಿ, ಕದ್ದ,” ಅಂದರು. ಎಲ್ಲರೂ ನಕ್ಕರು. ಮನೆಗೆ ಹೋಗಿ ಇವರಿಗೆ ಇದನ್ನು ಹೇಳಬೇಕು ಅಂದುಕೊಂಡೆ. ಬಸ್ಸು ಕಿತ್ತೂರು ದಾಟುವವರೆಗೂ ಹಾಗೇ ಅಂದುಕೊಂಡಿದ್ದೆ.

ಇವರು ಹೋದ ಮೇಲೆ ಲಾರಿಯ ಮಾಲಕರು ಗಾಡಿಯಲ್ಲಿದ್ದ ಸಾಮಾನುಗಳನ್ನು ಮನೆಗೆ ಮುಟ್ಟಿಸಿದರು. ರೊಟ್ಟಿಯ ಗಂಟು, ಧೋತರ, ಚಪ್ಪಲಿ, ವಿಭೂತಿ ಬಂದವು. ಲಿಂಗ ಅವರ ಜೊತೆ ಮಣ್ಣಿನಲ್ಲಿದೆ. ತಂಬಿಗೆ ಬರಲಿಲ್ಲ. ಅದು ಮಾವನವರದು, ಕಂಠದ ಹತ್ತಿರ ಒಂದು ನೆಗ್ಗು ಇದೆ. ನೀರಿಗೆ ಬಿದ್ದಿರಬೇಕು ಅಂದರು. ಬೇಸಿಗೆಯಲ್ಲಿ ಕಾಲುವೆಯ ನೀರು ನಿಂತಾಗ ನಾನು ಬಸ್ಸಿಗೆ ಹೋಗಿ, ಆ ಪಾವಟಿಗೆ ಇಳಿದು, ಒಣಗಿದ ಕೆಸರಿನಲ್ಲಿ ಬಹಳ ದೂರದವರೆಗೆ ನೋಡುತ್ತ ನಡೆದೆ. ಕುರಿ ಕಾಯುವವರನ್ನೂ ಕೇಳಿದೆ.

ತಂಬಿಗೆ ಇನ್ನೂ ಸಿಕ್ಕಿಲ್ಲ.