ಬೇಡದ ಕಡೆ ಬೆಳೆದ ಎಲುಬು

ನಮ್ಮ ಮನೆಯ ಚಹಾ ಕಪ್ಪಗಿರುತ್ತದೆ. ನೀವು ಬಂದರೆ ಕೆಳಗಿನ ಅಂಗಡಿಯಿಂದ ಹಾಲು ತರಿಸಿಯೇನು. ಉಳಿದಂತೆ, ಛಾಸ್, ಅಂದರೆ ಮಜ್ಜಿಗೆ, ಇಲ್ಲದೆ ಊಟ ಮುಗಿಯದ ಈ ವಡೋದರದಲ್ಲಿದ್ದೂ ನಮ್ಮದು ಹಾಲು-ಮೊಸರು ಗಡಿಪಾರಾದ ಮನೆ. ನನ್ನ ಗಂಡ ವಸಂತರಾಯರು ಇಲ್ಲಿಯ ಮಕರಪುರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದವರು. ಮೂತ್ರಪಿಂಡಗಳು ಸೋತು ಡಯಾಲಿಸಿಸ್ ಶುರುವಾದಾಗ, ಹಾಲಿನೊಳಗಿನ ರಂಜಕವನ್ನೆಲ್ಲ ಯಂತ್ರ ತೆಗೆಯಲಾರದೆಂದು ವೈದ್ಯರು ಎಚ್ಚರಿಸಿದರು. ಗಟ್ಟಿ ಮೊಸರಿಲ್ಲದೆ ತಟ್ಟೆ ಬಿಟ್ಟೇಳದ ಧಾರವಾಡದ ಮನುಷ್ಯ ಅಂದೇ ಹಾಲು-ಮೊಸರು ಬಿಟ್ಟರು.

ಬಿಟ್ಟರೂ ಆ ರಂಜಕ ಅವರನ್ನು ಬಿಡಲಿಲ್ಲ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ನಡುವೆಯೇ ನಿಂತು, ಮುಂದೇನು ಮಾಡಬೇಕೆಂದು ತೋಚದೆ, ಹಾದಿ ತಪ್ಪಿದ ಕೂಸಿನಂತೆ ನನ್ನತ್ತ ನೋಡಿದರು. ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದಾಗ, ಬೂದು ಬಣ್ಣದ ನಡುವೆ ಸುಣ್ಣದಲ್ಲಿ ಎಳೆದಂಥ ಬಿಳಿಯ ಗೆರೆಗಳು ಕಂಡವು. ಎಲುಬಿಗೆ ಸೇರಬೇಕಾದ ಸುಣ್ಣ, ರಕ್ತದಲ್ಲುಳಿದ ರಂಜಕದೊಡನೆ ಕೂಡಿ, ಮೆದುಳಿನ ರಕ್ತನಾಳಗಳ ಗೋಡೆಗೆ ಅಂಟಿದೆ, ಡಯಾಲಿಸಿಸ್‌ನಲ್ಲಿರುವ ಹಲವರಿಗೆ ಹೀಗಾಗುತ್ತದೆ, ಹೊಸದು ಕೂಡದಂತೆ ಪ್ರಯತ್ನಿಸಬಹುದಷ್ಟೇ, ಕೂಡಿದ್ದನ್ನು ಕೆರೆದು ತೆಗೆಯಲಾಗದು, ನೆನಪು ಮೆಲ್ಲಮೆಲ್ಲಗೆ ಮಾಸಬಹುದು ಎಂದರು ವೈದ್ಯರು.

ಗಟ್ಟಿಯಾಗಿರು ಎಂಬುದು ನಮ್ಮಲ್ಲಿ ಹರಸುವ ಮಾತು. ಎಲುಬು ಗಟ್ಟಿಯಾಗಲೆಂದು ಮಕ್ಕಳಿಗೆ ಗದರಿಸಿ ಹಾಲು ಕುಡಿಸುತ್ತೇವೆ. ಸಾವಿನ ಮನೆಗೆ ಹೋದರೆ ಮನಸ್ಸು ಗಟ್ಟಿ ಮಾಡಿಕೋ ಎನ್ನುತ್ತೇವೆ. ಮೆದುವಾಗಿಯೇ ಇರಬೇಕಾದ ಜಾಗವೊಂದು ದೇಹದಲ್ಲಿದೆಯೆಂದು, ಮೆದುಳೆಂಬ ಹೆಸರಿನಲ್ಲೇ ಮೆದುತನವಿದೆಯೆಂದು, ಆ ಚಿತ್ರ ನೋಡುವವರೆಗೆ ನನಗೆ ಹೊಳೆದಿರಲಿಲ್ಲ.

ನಮ್ಮ ಒಬ್ಬಳೇ ಮಗಳು ಮೇಘಾ ಅಹಮದಾಬಾದಿನಲ್ಲಿ ಕೆಲಸದಲ್ಲಿದ್ದಾಳೆ. ಅಪ್ಪನಿಗೆ ತನ್ನದೊಂದು ಕಿಡ್ನಿ ಕೊಡುವುದಾಗಿ ಹಟ ಹಿಡಿದು, ಪರೀಕ್ಷೆಗಳನ್ನೆಲ್ಲ ಮುಗಿಸಿದ್ದಳು. ಆಪರೇಷನ್ನಿಗೆ ದಿನ ಗೊತ್ತುಮಾಡುವುದೊಂದೇ ಬಾಕಿ. ಸ್ಕ್ಯಾನ್ ನೋಡಿದ ವೈದ್ಯರು, ಈಗ ಪಾರ್ಶ್ವವಾಯುವಿನ ಅಪಾಯ ಹೆಚ್ಚು, ಆದರೂ ಮಾಡಲೇಬಾರದೆಂದಿಲ್ಲ, ಮನೆಯವರು ಯೋಚಿಸಿ ಎಂದರು. ಅಂದು ಸಂಜೆ ಇವರ ಬುದ್ಧಿ ತಿಳಿಯಾಗಿತ್ತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೇಡ ಎಂದರು.

"ಪಪ್ಪಾ, ಎಲ್ಲಾ ಮ್ಯಾಚ್ ಆಗಿದೆ ನೇ? ಮತ್ತೆ ಯಾಕೆ ಬೇಡ ಅಂತೀರಿ?" ಎಂದಳು, ತನ್ನ ಗುಜರಾತಿ ಬೆರೆತ ಕನ್ನಡದಲ್ಲಿ.

"ನಿನ್ನ ಹೆಸರು ನಾ ಮರತ ದಿನಾನೂ ನಿನ್ನ ಕಿಡ್ನಿ ನನ್ನೊಳಗ ಇರ್ತೈತಿ, ಮೇಘಾ. ಹಂಗ ಬದುಕೂದು ನನಗ ಬ್ಯಾಡ."

ಅವಳು ಅತ್ತಳು, ಗುಜರಾತಿಯಲ್ಲಿ ಜಗಳವಾಡಿದಳು, ನನ್ನ ಮುಖ ನೋಡಿದಳು. ನನಗೆ ಗಂಡನೂ ಬೇಕಿತ್ತು, ಮಗಳ ಮೈಯೂ ಇಡಿಯಾಗಿ ಉಳಿಯಬೇಕಿತ್ತು. ಅವರು ಮಣಿಯಲಿಲ್ಲ.

ಎಂಥ ದೊಡ್ಡ ಮನಸ್ಸು ಎಂದು ಬಂಧುಗಳು ಫೋನಿನಲ್ಲಿ ಹೊಗಳುತ್ತಾರೆ. ನನಗೆ ಮಾತ್ರ, ನಿಜ ಹೇಳುತ್ತೇನೆ, ಇಂದಿಗೂ ಸಿಟ್ಟಿದೆ. ಆ ನಿರ್ಧಾರ ಮಾಡಿದ ಮನುಷ್ಯ ಅದನ್ನು ಮರೆತು ಹಗುರಾದ. ನೆನಪಿಟ್ಟುಕೊಳ್ಳುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ಮೊದಲು ಹಿಂದಿ ಹೋಯಿತು, ಆಮೇಲೆ ನೆರೆಯವರ ಹೆಸರುಗಳು, ಬೇಸಗೆಯ ಹೊತ್ತಿಗೆ ಮೇಘಾ.

ಹೋದ ಭಾನುವಾರ ಅವಳು ಬಂದು, ಬಾಲ್ಕನಿಯ ಬೆಳಕಿನಲ್ಲಿ ಅವರ ಉಗುರು ಕತ್ತರಿಸುತ್ತಿದ್ದಳು. ಇವರು ಅವಳನ್ನು ನೋಡಿ ಕೇಳಿದರು:

"ನೀ ಯಾರ ಮಗಳು, ತಂಗೀ?"

ಕತ್ತರಿ ಅರೆಗಳಿಗೆ ನಿಂತಿತು. "ಇಲ್ಲೇ... ಇದೇ ಊರು."

"ಅಪ್ಪ, ಅವ್ವ ಅದಾರ?"

"ಇದಾರೆ. ಇಬ್ಬರೂ ಚೊಲೋ ಇದಾರೆ."

ನಮ್ಮ ಧಾರವಾಡದ ಕಡೆಯ ಆ 'ಚೊಲೋ' ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಸಮಾಧಾನವಾಯಿತೆಂಬಂತೆ ತಲೆಯಾಡಿಸಿ, ಅವರು ಇನ್ನೊಂದು ಕೈ ಚಾಚಿದರು.