ನೆವೆನಾಳ ಹೆಸರಿನ ಕೆಳಗೆ

ನಮ್ಮೂರಲ್ಲಿ ಯಾರಾದರೂ ಸತ್ತರೆ ಮನೆಯವರು ಮೊದಲು ಪಾದ್ರಿಯ ಹತ್ತಿರ ಹೋಗುತ್ತಾರೆ, ಆಮೇಲೆ ನನ್ನ ಹತ್ತಿರ ಬರುತ್ತಾರೆ. ಪಾದ್ರಿಯನ್ನು ಕಂಡರಾಗದವರು ಸೀದಾ ನನ್ನ ಹತ್ತಿರವೇ ಬರುತ್ತಾರೆ. ಬಸ್ ನಿಲ್ದಾಣದ ಎದುರು ನನ್ನದೊಂದು ಸಣ್ಣ ಮುದ್ರಣದ ಅಂಗಡಿ. ಮದುವೆ ಕರೆಯೋಲೆ ವರ್ಷಕ್ಕೆ ನಾಲ್ಕು ಬಂದರೆ ಹೆಚ್ಚು. ಮುಖ್ಯ ಕೆಲಸ ಸಾವಿನ ಹಾಳೆಯದು. ಕಪ್ಪು ಅಂಚು, ಶಿಲುಬೆ, ಫೋಟೋ, ಹೆಸರು, ಹೆಸರಿನ ಕೆಳಗೆ ಕಸುಬು, ಅದರ ಕೆಳಗೆ ನಾಲ್ಕು ಸಾಲು ಪದ್ಯ. ಸತ್ತ ದಿನ ಒಂದು, ನಲವತ್ತನೇ ದಿನ ಒಂದು, ಆರು ತಿಂಗಳಿಗೆ ಒಂದು, ಆಮೇಲೆ ವರ್ಷ ವರ್ಷ. ಮನೆ ಬಾಗಿಲು, ದೀಪದ ಕಂಬ, ಬಸ್ ನಿಲ್ದಾಣ, ಎಲ್ಲೆಲ್ಲೂ ಅಂಟಿಸುತ್ತಾರೆ. ಡ್ಯಾನ್ಯೂಬ್ ದಡದ ಈ ಊರಲ್ಲಿ ಬೀದಿಯಲ್ಲಿ ಓಡಾಡುವವರಿಗಿಂತ ಗೋಡೆ ಮೇಲಿರುವವರೇ ಜಾಸ್ತಿ.

ಪದ್ಯ ಬರೆದುಕೊಡುತ್ತಿದ್ದವನು ದೊಬ್ರಿನ್ ಮಿಂಚೆವ್, ಬಸ್ ನಿಲ್ದಾಣದ ಟಿಕೆಟ್ ಗೂಡಿನಲ್ಲಿ ಕೂರುವವನು. ಐವತ್ತಾರು ವರ್ಷ, ಉದ್ದ ಮೂಗು, ಬೇಸಿಗೆಯಲ್ಲೂ ಕತ್ತಿಗೆ ಮಫ್ಲರು. ಬರಹಗಾರ ಅಂದಮೇಲೆ ಮಫ್ಲರು ಇರಬೇಕೆಂದು ಅವನಿಗೆ ಯಾರು ಹೇಳಿದ್ದರೋ! ಅವನು ಬರೆದ ಪದ್ಯಗಳನ್ನು ನಂಬರು ಹಾಕಿ ಒಂದು ಫೈಲಿನಲ್ಲಿ ಇಟ್ಟಿದ್ದೆ. ಜನ ಬಂದು ಹದಿನಾಲ್ಕು ಕೊಡಿ, ಇಪ್ಪತ್ತೊಂದು ಕೊಡಿ ಎನ್ನುತ್ತಿದ್ದರು. ಒಂದು ಸಲ ಕಮ್ಮಾರನ ಹೆಂಡತಿ ಹದಿನಾಲ್ಕನ್ನು ಎರಡೆರಡು ಸಲ ಓದಿ, "ಇದು ಬೇಡ ಪೆನ್ಕಕ್ಕ. 'ನಿನ್ನ ಮೃದು ಮಾತು ಮನೆ ತುಂಬಿತ್ತು' ಅಂತ ಇದೆ. ಆ ಮನುಷ್ಯ ಬಾಯಿ ತೆಗೆದ್ರೆ ಕೋಳಿಗಳು ಗೂಡು ಸೇರ್ಕೋತಿದ್ವು. ಊರು ಓದಿ ನಗುತ್ತೆ," ಅಂದಳು. ಟಿಕೆಟ್ ಗೂಡಿನಿಂದ ದೊಬ್ರಿನ್ ಬಂದು, ಅಲ್ಲೇ ನಿಂತು, ಕಮ್ಮಾರನಿಗೇ ಒಪ್ಪುವ ನಾಲ್ಕು ಸಾಲು ಬರೆದುಕೊಟ್ಟ. ಅವಳು ಅದನ್ನು ಓದಿ ಅತ್ತಳು.

ಆದರೆ ಪದ್ಯ ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ಪುಸ್ತಕಕ್ಕೂ ನಾಟಕಕ್ಕೂ ಒಂದೇ ಸೂರಾಗಿದ್ದ ಊರಿನ ಓದುಮನೆಯ ರಂಗಕ್ಕೆ ಒಂದು ನಾಟಕ ಬರೆಯುತ್ತಿದ್ದ, ಅದು ಎರಡನೇ ಅಂಕದಲ್ಲೇ ನಿಂತು ಹತ್ತು ವರ್ಷವಾಗಿತ್ತು. ಪತ್ರಿಕೆಯ ಕಥಾಸ್ಪರ್ಧೆಗೆ ಪ್ರತಿ ವರ್ಷ ಕಥೆ ಕಳಿಸುತ್ತಿದ್ದ, ಉತ್ತರ ಬಂದದ್ದಿಲ್ಲ. ಎಲ್ಲಕ್ಕಿಂತ ಮೇಲೆ ಅವನ ಕಾದಂಬರಿ. ನದಿಯಲ್ಲಿ ದೋಣಿ ದಾಟಿಸುತ್ತಿದ್ದ ಅವನ ಅಜ್ಜನ ಕಥೆ. ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ನದಿ ದಾಟುವುದಿರಲಿ, ನದಿಯನ್ನೇ ತೋಡಬಹುದಿತ್ತು ಎಂದು ನಾನು ಛೇಡಿಸುತ್ತಿದ್ದೆ. ಅವನು ನಗುತ್ತಿರಲಿಲ್ಲ.

ಆ ಕಾದಂಬರಿಗೆ ಇದ್ದ ಒಬ್ಬಳೇ ಓದುಗಾರ್ತಿ ಅವನ ಹೆಂಡತಿ ನೆವೆನಾ. ಮಕ್ಕಳಿಲ್ಲ. ನಾನೂ ಅವಳೂ ಕಾಲ್ಚೀಲದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಪಕ್ಕಪಕ್ಕದ ಯಂತ್ರದಲ್ಲಿ ಕೂತವರು. ಅದು ಮುಚ್ಚಿದ ಮೇಲೆ ನಾನು ಅಂಗಡಿ ಇಟ್ಟೆ, ಅವಳು ಮನೆ ಹಿಡಿದಳು. ಅವರಿಬ್ಬರದು ಒಂದು ಪದ್ಧತಿ ಇತ್ತು. ವಾರದಲ್ಲಿ ಬರೆದದ್ದನ್ನು ಅವನು ಶುಕ್ರವಾರ ಅಡುಗೆಮನೆಯಲ್ಲಿ ಜೋರಾಗಿ ಓದಿ ಹೇಳಬೇಕು. ಅವಳು ಸುಟ್ಟ ದಪ್ಪ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಲೋ ಹಿಟ್ಟು ಲಟ್ಟಿಸುತ್ತಲೋ ಕೇಳಬೇಕು. ಆಮೇಲೆ ಅವಳು ಅದನ್ನು ಶಾಲೆ ಮಕ್ಕಳ ನೋಟುಪುಸ್ತಕದಲ್ಲಿ ನೀಟಾಗಿ ನಕಲು ಮಾಡುತ್ತಿದ್ದಳು, ಅವನ ಗೀಚು ಹಾಳೆ ಒಲೆ ಹೊತ್ತಿಸಲು ಹೋಗುತ್ತಿತ್ತು. ಭಾನುವಾರ ಊಟವಾದ ಮೇಲೆ ಅವನು ದಿವಾನದ ಮೇಲೆ ಕಣ್ಣು ಮುಚ್ಚಿ ಮಲಗುತ್ತಿದ್ದ, ಅವಳು ನೋಟುಪುಸ್ತಕ ಬಿಡಿಸಿ ಓದುತ್ತಿದ್ದಳು. "ನಾನು ಬರೆದದ್ದು ಅವಳ ಬಾಯಲ್ಲಿ ಕೇಳಿದಾಗ್ಲೇ ಅಕ್ಕ, ನಾನು ಬರಹಗಾರ ಅನ್ಸೋದು," ಎಂದು ನನ್ನ ಹತ್ತಿರ ಹೇಳಿದ್ದ.

"ಇಲ್ಲಿ ತಂದು ಕೊಡು, ಕಂಪ್ಯೂಟರಿನಲ್ಲಿ ಹೊಡೆದಿಡ್ತೀನಿ," ಎಂದು ನಾನು ಎಷ್ಟು ಸಲ ಹೇಳಲಿಲ್ಲ! ಪೂರ್ತಿ ಮುಗಿಯಲಿ ಎನ್ನುತ್ತಿದ್ದ. ಹಟಮಾರಿ.

ನೆವೆನಾಗೆ ಸಕ್ಕರೆ ಕಾಯಿಲೆ ಇತ್ತು. ಸೆಪ್ಟೆಂಬರಿನಲ್ಲಿ, ಬೀದಿಯಲ್ಲೆಲ್ಲ ಮೆಣಸಿನಕಾಯಿ ಸುಡುವ ವಾಸನೆ ಇರುವಾಗ, ಮೂರೇ ದಿನ ಮಲಗಿ ಹೋಗಿಬಿಟ್ಟಳು. ದೊಬ್ರಿನ್ ಅಂಗಡಿಗೆ ಬಂದು ಕುರ್ಚಿಯಲ್ಲಿ ಕುಸಿದ. ನಾನು ಹಾಳೆ ಸಿದ್ಧ ಮಾಡಿದೆ.

"ಹೆಸರಿನ ಕೆಳಗೆ ಕಸುಬು ಏನು ಹಾಕ್ಲಿ?"

"ಬಿಡು."

"ಪದ್ಯ?"

"ಬರ್ತಿಲ್ಲ ಅಕ್ಕ. ಒಂದಕ್ಷರ ಬರ್ತಿಲ್ಲ."

"ಫೈಲಿಂದು ಯಾವುದಾದ್ರೂ..."

"ಆ ಫೈಲಿಂದು ಹಾಕಿದ್ರೆ ನಿನ್ನ ಅಂಗಡಿ ಮೆಟ್ಟಿಲು ಹತ್ತಲ್ಲ."

ಊರಿಗೆಲ್ಲ ಪದ್ಯ ಬರೆದವನ ಹೆಂಡತಿಯ ಹಾಳೆ ಹೆಸರಿನ ಕೆಳಗೆ ಖಾಲಿಯಾಗಿ ಹೋಯಿತು. ನಲವತ್ತನೇ ದಿನದ್ದೂ ಹಾಗೇ. ಸಮಾಧಿಯ ಹತ್ತಿರ ಬೇಯಿಸಿದ ಸಿಹಿ ಗೋಧಿ ಹಂಚುವಾಗ ಜನ ಗುಸುಗುಸು ಮಾತಾಡಿಕೊಂಡರು. ನೆವೆನಾಳ ಅಕ್ಕ ಸ್ತೊಯ್ಕಾ ಅವನಿಗೆ ಕೇಳಿಸುವ ಹಾಗೇ, "ಕಮ್ಮಾರನಿಗೆ ಸಿಕ್ಕ ನಾಲ್ಕು ಸಾಲು ನನ್ನ ತಂಗಿಗೆ ಸಿಗಲಿಲ್ಲ," ಅಂದಳು. ಅವನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಆರು ತಿಂಗಳ ಹಾಳೆ ಹೊತ್ತಿಗೆ ಪುಸ್ತಕ ಸೋಫಿಯಾದ ಪ್ರಕಾಶಕರಿಗೆ ಹೋಗಿರ್ಬೇಕು. 'ದೊಬ್ರಿನ್ ಮಿಂಚೆವನ ಕಾದಂಬರಿ ಇವಳಿಗೆ ಅರ್ಪಣೆ' ಅಂತ ಹೆಸರಿನ ಕೆಳಗೆ ಹಾಕ್ಸ್ತೀನಿ. ಅವಳಿಗೆ ಕೊಡೋಕೆ ನನ್ನ ಹತ್ರ ಬೇರೇನೂ ಇಲ್ಲ." ಕೊನೆಯ ಅಧ್ಯಾಯ ಒಂದೇ ಬಾಕಿ ಎಂದ. ಮಾರನೆಯ ದಿನವೇ ನೋಟುಪುಸ್ತಕಗಳನ್ನು ತರುತ್ತೇನೆ ಎಂದ.

ಮಾರನೆಯ ದಿನ ಬಂದ, ಎರಡು ಚೀಲ ತಂದ. ಮೊದಲ ಚೀಲದ ಒಂಬತ್ತು ಪುಸ್ತಕ ಚೆನ್ನಾಗಿದ್ದವು, ನೆವೆನಾಳ ದುಂಡು ಅಕ್ಷರ. ಎರಡನೇ ಚೀಲದಿಂದ ಒಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಸಾಲಿನ ಮೇಲೆ ಸಾಲು, ಅದರ ಮೇಲೆ ಮತ್ತೊಂದು ಸಾಲು. ಕೆಲವು ಪುಟ ಬರೀ ಕಪ್ಪು, ಕೆಲವು ಪುಟ ಖಾಲಿ, ಒಂದು ಕಡೆ ಬರವಣಿಗೆ ಪುಟ ದಾಟಿ ಹೋಗಿ ನಿಂತಿತ್ತು. ಎಂಟು ಪುಸ್ತಕ, ಎಲ್ಲವೂ ಹೀಗೇ.

"ಅವಳಿಗೆ ಕಣ್ಣು ಕಾಣ್ತಿರಲಿಲ್ಲ," ಅಂದ. "ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತಂತೆ, ನಾಲ್ಕು ವರ್ಷದಿಂದ ಅಂತೆ. ಈ ಪುಟ ನೋಡಿ ಇವತ್ತು ಬೆಳಿಗ್ಗೆ ಡಾಕ್ಟರ ಹತ್ರ ಓಡಿದೆ, ಅವರು ಹೇಳಿದ್ರು, ನಿಮಗೆ ಗೊತ್ತಿರಲಿಲ್ವಾ ಅಂತ ಕೇಳಿದ್ರು. ಇದೇ ಪುಸ್ತಕ ಹಿಡ್ಕೊಂಡು ಭಾನುವಾರ ಭಾನುವಾರ ಓದ್ತಿದ್ಲು ಅಕ್ಕ. ಪುಟ ಕೂಡ ತಿರುವ್ತಿದ್ಲು."

"ಅಯ್ಯೋ ನನ್ನ ಕರ್ಮವೇ," ಎಂದೆ. ನಾನೂ ಅವಳ ಗೆಳತಿಯೇ ತಾನೇ? ಸಂತೆಯಲ್ಲಿ ನನ್ನ ತೋಳು ಹಿಡಿದು ನಡೆಯುತ್ತಿದ್ದಳು, ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ. ಇವನಿಗೆ ಹೇಳಿದ್ದರೆ ಬರೆಯುವುದನ್ನೇ ನಿಲ್ಲಿಸಿಬಿಡುತ್ತಿದ್ದ, ಅದಕ್ಕೇ ಮುಚ್ಚಿಟ್ಟಳು. ಶುಕ್ರವಾರ ಕೇಳಿಸಿಕೊಂಡದ್ದನ್ನು ಭಾನುವಾರ ನೆನಪಿನಿಂದ ಒಪ್ಪಿಸುತ್ತಿದ್ದಳು. ಗೀಚು ಹಾಳೆಗಳು ಎಂದೋ ಬೂದಿಯಾಗಿದ್ದವು. ನಾನು ಅವಳ ಮೇಲೆ ಸಿಟ್ಟು ಮಾಡಿಕೊಂಡೆ, ಅವನ ಮೇಲೆ ಮಾಡಿಕೊಂಡೆ, ನನ್ನ ಮೇಲೂ ಮಾಡಿಕೊಂಡೆ. ಯಾವುದರಿಂದಲೂ ಒಂದು ಪುಟ ವಾಪಸು ಬರಲಿಲ್ಲ.

"ತಲೇಲಿ ಇದೆ ತಾನೆ? ಕೂತು ಮತ್ತೆ ಬರಿ ಮಾರಾಯ," ಎಂದೆ. "ಮಾರ್ಚ್‌ವರೆಗೆ ಟೈಮ್ ಇದೆ. ಈ ಒಂಬತ್ತನ್ನ ಅಷ್ಟರಲ್ಲಿ ನಾನು ಹೊಡೆದಿಡ್ತೀನಿ."

ಬರೆಯಲು ಕೂತ. ಚಳಿಗಾಲ ಪೂರ್ತಿ ಟಿಕೆಟ್ ಗೂಡಿನಲ್ಲಿ ತಲೆ ಬಗ್ಗಿಸಿಯೇ ಇದ್ದ. ರೂಸೆಗೆ ಟಿಕೆಟ್ ಕೇಳಿದವರಿಗೆ ಪ್ಲೆವೆನ್ ಟಿಕೆಟ್ ಕೊಟ್ಟು ಬೈಸಿಕೊಂಡ. ಇತ್ತ ನಾನು ಆ ಒಂಬತ್ತು ಪುಸ್ತಕ ಕಂಪ್ಯೂಟರಿಗೆ ಹೊಡೆಯುತ್ತಾ ಹೋದೆ. ನಾನು ಪುಸ್ತಕ ಓದುವ ಪೈಕಿ ಅಲ್ಲ. ಆದರೂ ಎರಡನೆಯದರ ಹೊತ್ತಿಗೆ ನಗು ತಡೆಯಲಾಗಲಿಲ್ಲ. ದೋಣಿಯವನ ಹೆಂಡತಿ ಸುಂಕದ ಅಧಿಕಾರಿಗೆ, "ನಿನ್ನ ಬಾಯಿಗೊಂದು ಗುಂಡಿ ಹೊಲಿದುಕೊಡ್ತೀನಿ, ಕಾಜಾ ನೀನೇ ಮಾಡ್ಕೋ," ಅನ್ನುತ್ತಾಳೆ. ಕಾರ್ಖಾನೆಯ ಮೇಸ್ತ್ರಿಗೆ ನೆವೆನಾ ಅಂದ ಮಾತು ಅದು, ಅಕ್ಷರ ಅಕ್ಷರ. ನಾನು ಪಕ್ಕದಲ್ಲೇ ಕೂತು ಕೇಳಿದ್ದೆ. ಇರಲಿ, ಮನೆಯಲ್ಲಿ ಹೇಳಿರುತ್ತಾಳೆ, ಇವನು ಬಳಸಿಕೊಂಡಿರುತ್ತಾನೆ ಎಂದುಕೊಂಡೆ. ಮುಂದೆ ಹೋದ ಹಾಗೆ ಒಂದೊಂದು ಪುಟದಲ್ಲೂ ಅವಳೇ ಸಿಗತೊಡಗಿದಳು. ಅವಳು ಹೆಜ್ಜೆ ಇಡುವ ರೀತಿ, ಮಾತು ನುಂಗುವ ರೀತಿ, ಯಾರನ್ನಾದರೂ ಕ್ಷಮಿಸುವಾಗ ಮೊದಲು ಬೈಯುವ ರೀತಿ. ನನಗೆ ಭಯವಾಯಿತು. ಅವನಿಗೆ ಹೇಳಲಿಲ್ಲ. ಹೆಂಡತಿ ಸತ್ತವನ ಕೈಯಲ್ಲಿ ಉಳಿದಿದ್ದೇ ಆ ಒಂದು ಪುಸ್ತಕ, ಅದನ್ನೂ ಕಿತ್ತುಕೊಳ್ಳುವುದಕ್ಕೆ ನಾನ್ಯಾರು?

ಫೆಬ್ರವರಿ ಕೊನೆಯಲ್ಲಿ ಒಂದು ಮಧ್ಯಾಹ್ನ ಕಂತೆ ಹಿಡಿದು ಬಂದ. "ಅಜ್ಜ ಮುಳುಗಿ ಸಾಯೋ ಅಧ್ಯಾಯ. ಇದೇ ಪುಸ್ತಕದ ಜೀವ. ಓದ್ತೀನಿ, ಕೇಳು," ಅಂದ. ಕಾಫಿ ಮಾಡಿಕೊಟ್ಟು ಎದುರು ಕೂತೆ. ಅವನು ಮಫ್ಲರು ಸರಿಮಾಡಿಕೊಂಡು ಓದಿದ. ನದಿ ಗರ್ಜಿಸಿತು. ಆಕಾಶ ಬಿರಿಯಿತು. ಸುದ್ದಿ ಕೇಳಿದ ಹೆಂಡತಿ ಎದೆ ಬಡಿದುಕೊಂಡಳು, ಕೂದಲು ಬಿಚ್ಚಿಕೊಂಡು ದಡಕ್ಕೆ ಓಡಿದಳು, ಓ ಡ್ಯಾನ್ಯೂಬೇ ಎಂದು ಎರಡು ಪುಟ ಕೂಗಿದಳು. ನನಗೆ ಏನೂ ಆಗಲಿಲ್ಲ. ದೇವರಾಣೆಗೂ ಏನೂ ಆಗಲಿಲ್ಲ. ಗಡಿಯಾರ ನೋಡಬಾರದೆಂದು ಕಾಫಿ ಲೋಟ ನೋಡುತ್ತಾ ಕೂತೆ.

ಮೂರನೇ ಪುಟದಲ್ಲಿ ಅವನೇ ನಿಲ್ಲಿಸಿದ.

"ಇದಲ್ಲ," ಅಂದ.

"ಯಾಕೆ, ಚೆನ್ನಾಗೇ ಇದೆ."

"ಸುಳ್ಳು ಹೇಳ್ಬೇಡ ಅಕ್ಕ. ಅವಳು ಓದಿದ್ದು ಇದಲ್ಲ. ಅವಳು ಓದಿದಾಗ ಅಜ್ಜಿ ಅಳೋದೇ ಇಲ್ಲ. ಅಜ್ಜ ಅರ್ಧ ಹೆಣೆದಿಟ್ಟ ಬಲೆಯಿಂದ ಹಗ್ಗ ಬಿಚ್ಕೊಂಡು, ಅಂಗಳದಲ್ಲಿ ಕಟ್ಟಿ, ಒದ್ದೆ ಬಟ್ಟೆ ಒಣಗಹಾಕ್ತಾಳೆ. ಅವನ ಅಂಗೀನೂ ಒಣಗಹಾಕ್ತಾಳೆ. ಅಷ್ಟೇ. ಅದನ್ನ ಕೇಳಿ ನಾನು ದಿವಾನದ ಮೇಲೆ ಅತ್ತಿದ್ದೆ. ಎಂಥಾ ಬರವಣಿಗೆ ನಂದು ಅಂತ ಅತ್ತಿದ್ದೆ." ಕಂತೆಯನ್ನು ಮೇಜಿನ ಮೇಲಿಟ್ಟ. "ಆ ಹಗ್ಗ ನಾನು ಬರೆದದ್ದಲ್ಲ. ನಾನು ಬರೆದಿದ್ದೂ ಇದೇ, ಎದೆ ಬಡ್ಕೊಳ್ಳೋದೇ. ಶುಕ್ರವಾರ ಓದಿದ್ದು ನೆನಪಿದೆ. ಅವಳು ಮೆಣಸಿನಕಾಯಿ ಸುಲೀತಾ ಸುಮ್ನೆ ಇದ್ಲು."

ಅವನು ನನ್ನ ಮುಖ ನೋಡಿದ.

"ನಿನಗೆ ಗೊತ್ತಿತ್ತು."

"ಗುಂಡಿ ಮಾತು ಬಂದಾಗ್ಲೇ ಅನುಮಾನ ಬಂತು," ಎಂದೆ. "ಕಣ್ಣಿದ್ದಾಗ್ಲೂ ಅವಳು ಬರೀ ನಕಲು ಮಾಡ್ಲಿಲ್ಲ ದೊಬ್ರಿನ್."

ಅವನು ಜಗಳಕ್ಕೆ ಬರುತ್ತಾನೆ ಅಂದುಕೊಂಡೆ. ಬಂದಿದ್ದರೆ ಚೆನ್ನಾಗಿತ್ತು. "ಹತ್ತೊಂಬತ್ತು ವರ್ಷ," ಅಂದ, ಅಷ್ಟೇ. ಕಂತೆಯನ್ನು ಅಲ್ಲೇ ಬಿಟ್ಟು ಎದ್ದುಹೋದ. ಅವತ್ತು ಟಿಕೆಟ್ ಗೂಡು ಮತ್ತೆ ತೆಗೆಯಲೇ ಇಲ್ಲ, ಜನ ಬಸ್ಸಿನೊಳಗೇ ಚಾಲಕನ ಹತ್ತಿರ ಟಿಕೆಟ್ ತೆಗೆದುಕೊಂಡರು.

ಆರು ತಿಂಗಳಿಗೆ ಮೂರು ದಿನ ಇರುವಾಗ ಸ್ತೊಯ್ಕಾಳ ಜೊತೆ ಬಂದ. ಗಡ್ಡ ಬೆಳೆದಿತ್ತು, ಕತ್ತಿನಲ್ಲಿ ಮಫ್ಲರು ಇರಲಿಲ್ಲ. ಸ್ತೊಯ್ಕಾ ಕೂರುವ ಮೊದಲೇ, "ಈ ಸಲ ಪದ್ಯ ಹಾಕ್ದೆ ಬಿಡಲ್ಲ," ಎಂದಳು.

"ಪದ್ಯ ಇಲ್ಲ," ಅಂದ ದೊಬ್ರಿನ್. "ಅಕ್ಕ, ಹೆಸರಿನ ಕೆಳಗೆ ಕಸುಬು ಹಾಕು. ಲೇಖಕಿ ಅಂತ."

ಸ್ತೊಯ್ಕಾ ನನ್ನನ್ನು ನೋಡಿದಳು, ಅವನನ್ನು ನೋಡಿದಳು. "ತಲೆ ಕೆಟ್ಟಿದ್ಯಾ ನಿಂಗೆ? ನನ್ನ ತಂಗಿ ಕಾಲ್ಚೀಲ ಹೊಲಿದವಳು. ಸತ್ತ ಮೇಲೂ ಅವಳ ಹೆಸರಲ್ಲಿ ನಿನ್ನ ಹುಚ್ಚು ಮೆರೆಸ್ಬೇಕಾ? ಬದುಕಿದ್ದಾಗ ಸಾಲದೇ ಹೋಯ್ತಾ?"

"ಬದುಕಿದ್ದಾಗ ಮೆರೆಸಿದ್ದು ನನ್ನ ಹೆಸರು ಸ್ತೊಯ್ಕಾ," ಅಂದ. ಧ್ವನಿ ಏರಲಿಲ್ಲ. "ಹಾಕು ಅಕ್ಕ."

ನಾನು ಹಾಕಿದೆ. ನೆವೆನಾ ಮಿಂಚೆವಾ, ಕೆಳಗೆ ಲೇಖಕಿ. ಸ್ತೊಯ್ಕಾ ಬಾಗಿಲು ಬಡಿದುಕೊಂಡು ಹೋದಳು. ಹೊಡೆದಿಟ್ಟಿದ್ದ ಒಂಬತ್ತು ಪುಸ್ತಕದ ಹಾಳೆಗಳನ್ನು ತೋರಿಸಿ, ಇದನ್ನಾದರೂ ಸೋಫಿಯಾಗೆ ಕಳಿಸೋಣ ಎಂದೆ. ಅವಳ ಹೆಸರಲ್ಲಿ ಕಳಿಸು ಎಂದ. ಕಳಿಸಿದೆ. ಕಥೆ ನಡುವೆಯೇ ನಿಂತಿದೆ, ಉಳಿದ ಭಾಗ ಇದ್ದರೆ ತಿಳಿಸಿ ಎಂದು ಎರಡು ಸಾಲಿನ ಉತ್ತರ ಬಂತು. ಅವನಿಗೆ ಅದನ್ನು ತೋರಿಸಿದ್ದು ನನ್ನ ತಪ್ಪು. ಹತ್ತೊಂಬತ್ತು ವರ್ಷದಲ್ಲಿ ಬಂದ ಮೊದಲ ಉತ್ತರ ಅದು.

ಈಗ ಅವನು ಏನೂ ಬರೆಯುವುದಿಲ್ಲ. ಯಾರಾದರೂ ಹೊಸ ಪದ್ಯ ಕೇಳಿದರೆ ಫೈಲು ನೋಡಿ ಅನ್ನುತ್ತೇನೆ. ಹೋದ ವಾರ ಬಸ್ ನಿಲ್ದಾಣದ ಗೋಡೆಯ ಮುಂದೆ ಬೇರೆ ಊರಿನ ಹೆಂಗಸೊಬ್ಬಳು ಚೀಲ ಕೆಳಗಿಟ್ಟು ನೆವೆನಾಳ ಹಾಳೆ ಓದುತ್ತಾ ನಿಂತಿದ್ದಳು. ನಾನು ಅವನಿಗೆ ಊಟ ಕೊಡಲು ಗೂಡಿನ ಹತ್ತಿರ ಹೋಗಿದ್ದೆ. ಅವಳು ಗೂಡಿನ ಕಿಟಕಿಗೆ ಬಂದು, "ನಿಮ್ಮೂರಲ್ಲಿ ಲೇಖಕಿ ಇದ್ರಾ? ಅವರ ಪುಸ್ತಕ ಎಲ್ಲಿ ಸಿಗುತ್ತೆ?" ಎಂದು ಕೇಳಿದಳು.

"ಅರ್ಧ ಇದೆ," ಅಂದ ದೊಬ್ರಿನ್. "ಉಳಿದರ್ಧ ನನಗೊಬ್ಬನಿಗೇ ಓದಿ ಹೇಳಿದ್ಲು. ನಂದು ಅಂದ್ಕೊಂಡು ಕೇಳಿದೆ, ಅದಕ್ಕೆ ಸರಿಯಾಗಿ ನೆನಪಿಟ್ಕೊಳ್ಳಲಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಪ್ಲೆವೆನ್‌ಗೆ ಒಂದು ಟಿಕೆಟ್ ಕೇಳಿದಳು. ಅವನು ಕೊಟ್ಟ.